ಬೀಗವಿಲ್ಲದ ಜೈಲು

ಚಿತ್ರರಸಿಕ ಮಹಾಶಯರೇ, ಈ ವಾರ ಗಾಂಧೀನಗರದ ಗುಸುಗುಸು ಇಲ್ಲ. ಯಾವ ನಾಯಕಿ ಯಾರ ಕಾರಿನಿಂದ ಇಳಿದಳು ಎಂಬ ವರದಿಯೂ ಇಲ್ಲ. ಈ ವಾರ ಜೈಲು! ಹಾಗೆಂದ ಕೂಡಲೇ ಹುಬ್ಬೇರಿಸಬೇಡಿ. ಒಳಗೆ ಹೋದ ನಟರ ಸುದ್ದಿಯನ್ನು ನೀವು ಟೀವಿಯಲ್ಲಿ ಹೊಟ್ಟೆ ತುಂಬ ನೋಡಿದ್ದೀರಿ. ನಾನು ಹೇಳಹೊರಟದ್ದು ನಮ್ಮ ಊರಿನ ಒಬ್ಬ ಮನುಷ್ಯನ ಕಥೆ, ಅದಕ್ಕೆ ಅಂಟಿಕೊಂಡು ಬಂದ ಒಂದು ಹಳೆಯ ಹಿಂದಿ ಚಿತ್ರದ ಕಥೆ.

ಮೂಡಬಿದ್ರೆ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲು. ಬೆಳಿಗ್ಗೆ ಹತ್ತೂವರೆ. ನಾನು ಒಳಗೆ ಕೂತು ಬನ್ಸ್ ತಿನ್ನುತ್ತಿದ್ದೆ. ಗಾಜಿನ ಬಾಗಿಲಿನ ಆಚೆ ಒಬ್ಬರು ನಿಂತಿದ್ದಾರೆ. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು. ಒಳಗೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕೊನೆಗೆ ತಿಂಡಿ ಮುಗಿಸಿದವರು ಯಾರೋ ಹೊರಗೆ ಹೊರಟರು, ಬಾಗಿಲು ತೆರೆಯಿತು, ಆ ಸಂದಿನಲ್ಲಿ ಇವರು ಸರಕ್ಕನೆ ಒಳಗೆ ಬಂದರು. ನೋಡಿದರೆ ನಮ್ಮೂರಿನ ಅಣ್ಣ! (ಹೆಸರು ಬೇಡ. ಮೂಡಬಿದ್ರೆಗೂ ಬಂಟ್ವಾಳಕ್ಕೂ ನಡುವೆ ಒಂದು ಊರು ಎಂದುಕೊಳ್ಳಿ, ಸಾಕು.)

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಈ ಅಣ್ಣ ಕೊಲೆ ಕೇಸಿನಲ್ಲಿ ಒಳಗೆ ಹೋದವರು. ಕಾರಣ ಕೇಳಿದರೆ ಪಟ್ಟಣದವರಿಗೆ ನಗು ಬಂದೀತು. ಅಡಿಕೆ ತೋಟಕ್ಕೆ ತೋಡಿನ ನೀರು ಬಿಡುವ ಸರದಿ. ಎರಡು ತಲೆಮಾರಿನ ತಕರಾರು. ಒಂದು ಸಂಜೆ ಕೈಯಲ್ಲಿ ಕತ್ತಿ ಇತ್ತು, ಬಾಯಲ್ಲಿ ಮಾತು ಬೆಳೆಯಿತು, ನೆರೆಮನೆಯವರು ಬಿದ್ದರು. ಪೊಲೀಸರು ಬರುವವರೆಗೆ ಅಣ್ಣ ಅಗಳಿನ ದಂಡೆಯ ಮೇಲೆ ಕೂತೇ ಇದ್ದರು ಎಂದು ಊರವರು ಹೇಳುತ್ತಾರೆ. ಜೀವಾವಧಿ ಆಯಿತು. ಹದಿನಾಲ್ಕು ವರ್ಷ ಕಳೆದು ಸನ್ನಡತೆಯ ಮೇಲೆ ಬಿಡುಗಡೆಯಾಗಿ ಬಂದಿದ್ದಾರೆ.

"ಎಂತ ಅಣ್ಣ, ಹೊರಗೆ ಯಾಕೆ ನಿಂತದ್ದು?" ಕೇಳಿದೆ.

"ಬಾಗಿಲು ಕಂಡ್ರೆ ನಿಲ್ಲುದು ಅಭ್ಯಾಸ ಆಗಿದೆ ಮಾರಾಯ. ಹದಿನಾಲ್ಕು ವರ್ಷ ಒಂದು ಬಾಗಿಲನ್ನೂ ನಾನು ತೆಗೆದದ್ದಿಲ್ಲ. ಯಾರಾದ್ರೂ ತೆಗೀಬೇಕು, ಮತ್ತೆ ನಾನು ದಾಟ್ಬೇಕು. ಮನೆಯಲ್ಲೂ ಹಾಗೇ ಆಗ್ತದೆ."

ಟೀ ಬಂತು. ಬಿಲ್ಲು ಕೊಡುವಾಗ ಎದುರಿನ ಹುಡುಗ ಮೊಬೈಲನ್ನು ಚೌಕಟ್ಟಿನ ಚಿತ್ರಕ್ಕೆ ತೋರಿಸಿ ಎದ್ದು ಹೋದ. ಅಣ್ಣ ಬೆರಗಾಗಿ ನೋಡಿದರು. ಅವರು ಒಳಗೆ ಹೋದಾಗ ಇದ್ದ ಐನೂರರ ನೋಟು 2016ರಲ್ಲೇ ಸತ್ತಿತು. ಹೊಸ ನೋಟು ಅವರಿಗೆ ಇನ್ನೂ ಮಕ್ಕಳ ಆಟದ ದುಡ್ಡಿನ ಹಾಗೆ ಕಾಣುತ್ತದಂತೆ. ಅದಾದರೂ ಹೋಗಲಿ, ಕಲಿತುಕೊಳ್ಳಬಹುದು. ಆದರೆ ಕೈ? ಅಣ್ಣ ಅಡಿಕೆ ಮರ ಹತ್ತುವುದರಲ್ಲಿ ಎತ್ತಿದ ಕೈ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಬೆಳ್ತಂಗಡಿ ಕಡೆಯಿಂದಲೂ ಅವರನ್ನು ಕರೆಯುತ್ತಿದ್ದರು. ಒಂದು ಮರದಿಂದ ಇನ್ನೊಂದಕ್ಕೆ ಮೇಲಿನಿಂದಲೇ ದಾಟುವವರು! ಜೈಲಿನಲ್ಲಿ ಅವರಿಗೆ ಸಿಕ್ಕಿದ್ದು ಮಗ್ಗದ ಕೆಲಸ. ಜಮಖಾನೆ ನೇಯಲು ಕಲಿತರು. ನಮ್ಮ ಊರಿನಲ್ಲಿ ಮಗ್ಗ ಎಲ್ಲಿದೆ ಸ್ವಾಮಿ? ಈಗ ಊರಿಗೆ ಬಂದರೆ ಮರ ಹತ್ತಲು ಸೊಂಟ ಬಗ್ಗುವುದಿಲ್ಲ. ಅಷ್ಟರಲ್ಲಿ ಫೈಬರಿನ ದೋಟಿ ಬಂದುಬಿಟ್ಟಿದೆ. ನೆಲದಲ್ಲೇ ನಿಂತು ಕೊನೆ ಕೊಯ್ಯುತ್ತಾರೆ, ಮದ್ದನ್ನೂ ಬಿಡುತ್ತಾರೆ. ಅದನ್ನು ಹಿಡಿಯುವುದು ಈ ಕಾಲದ ಹುಡುಗರಿಗೆ ಗೊತ್ತು, ಅಣ್ಣನಿಗೆ ಗೊತ್ತಿಲ್ಲ.

* * *

ಅಂದು ರಾತ್ರಿ ಮನೆಗೆ ಬಂದು ಮೊಬೈಲಿನಲ್ಲಿ ನಾನು ನೋಡಿದ್ದು 'ದೋ ಆಂಖೇ ಬಾರಹ್ ಹಾಥ್'. ಎರಡು ಕಣ್ಣು, ಹನ್ನೆರಡು ಕೈ. 1957ರ ಚಿತ್ರ. ನಿರ್ದೇಶನ ವಿ. ಶಾಂತಾರಾಮ್, ನಾಯಕನೂ ಅವರೇ. ನಿಮ್ಮ ತಂದೆ ನೋಡಿರುತ್ತಾರೆ, ಕೇಳಿ ನೋಡಿ. ಹಾಡಿನ ಹೆಸರು ಹೇಳಿದರೆ ಅಜ್ಜಿಯೂ ಗುನುಗಬಹುದು.

ಕಥೆ ಇಷ್ಟೇ. ಆದಿನಾಥ ಎಂಬ ಜೈಲರು. ಆರು ಮಂದಿ ಕೊಲೆಗಡುಕರನ್ನು ಸಂಕೋಲೆ ಕಳಚಿಸಿ, ಜೈಲಿನಿಂದ ಹೊರಗೆ ಒಂದು ಬರಡು ಜಾಗಕ್ಕೆ ಕರಕೊಂಡು ಹೋಗುತ್ತಾನೆ. ಗೋಡೆ ಇಲ್ಲ, ಬಂದೂಕು ಇಲ್ಲ. ಕಾವಲಿಗೆ ಇರುವುದು ಅವನ ಎರಡು ಕಣ್ಣು ಮಾತ್ರ. ಆ ಹನ್ನೆರಡು ಕೈ ಸೇರಿ ಕಲ್ಲುಭೂಮಿಯನ್ನು ಹಸಿರು ಮಾಡುತ್ತವೆ. ತರಕಾರಿ ಬೆಳೆದು ಸಂತೆಗೆ ಒಯ್ದು ಕಡಿಮೆ ಬೆಲೆಗೆ ಮಾರುತ್ತಾರೆ. ಅಲ್ಲಿಯವರೆಗೆ ಸುಮ್ಮನಿದ್ದ ಊರಿನ 'ಮರ್ಯಾದಸ್ಥ' ವ್ಯಾಪಾರಿ ಆಗ ರೌಡಿಗಳನ್ನು ಬಿಡುತ್ತಾನೆ. ಗಮನಿಸಿದಿರಾ? ಕೊಲೆಗಡುಕರು ನೆಟ್ಟಗಾದಾಗ ಊರಿಗೆ ಬೇಸರವಾಗಿದ್ದು ನೈತಿಕ ಕಾರಣಕ್ಕಲ್ಲ, ಟೊಮೆಟೊ ಬೆಲೆಗೆ!

ಈ ಚಿತ್ರಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕ ಬಂತು. 1958ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಬಂತು. ಚಿತ್ರೀಕರಣದಲ್ಲಿ ಹೋರಿಯ ಜೊತೆ ಸೆಣಸುವಾಗ ಶಾಂತಾರಾಮರ ಕಣ್ಣಿಗೇ ಪೆಟ್ಟಾಗಿ, ಬಹಳ ದಿನ ಕಟ್ಟು ಕಟ್ಟಿ ಮಲಗಿದ್ದರು. ಚಿತ್ರದ ಹೆಸರಿನಲ್ಲೇ ಎರಡು ಕಣ್ಣು ಇದೆ ನೋಡಿ! ಮುಂದೆ 1975ರಲ್ಲಿ ಎಂ.ಜಿ.ಆರ್. ಇದನ್ನೇ ತಮಿಳಿನಲ್ಲಿ 'ಪಲ್ಲಾಂಡು ವಾಳ್ಗ' ಎಂದು ಮಾಡಿದರು. ಕನ್ನಡದವರಿಗೆ ಹೆಮ್ಮೆಗೆ ಒಂದು ಸಣ್ಣ ಕಾರಣವೂ ಇದೆ. ಶಾಂತಾರಾಮ್ ಹುಡುಗನಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು. ಅದೇ ಹುಬ್ಬಳ್ಳಿಯ ಟೆಂಟಿನಂಥ ಟಾಕೀಸಿನಲ್ಲಿ ಬಾಗಿಲು ಕಾಯುತ್ತ ಸಿನಿಮಾ ಕಲಿತವರು.

ನಮ್ಮ ಕನ್ನಡ ಚಿತ್ರದ ಜೈಲು ಹೇಗಿರುತ್ತದೆ? ಸರಳಿನ ಹಿಂದೆ ನಾಯಕ, ಸರಳಿನ ಮುಂದೆ ಅಳುವ ತಾಯಿ. ಇಲ್ಲವಾದರೆ ಖಳನಾಯಕನ ಮೇಲೆ ಸೇಡು ತೀರಿಸಲು ಗೋಡೆ ಹಾರುವುದು. 1980ರ 'ಮಿಂಚಿನ ಓಟ'ದಲ್ಲಿ ಶಂಕರ್‌ನಾಗ್, ಅನಂತನಾಗ್ ಜೈಲಿನಿಂದ ತಪ್ಪಿಸಿಕೊಳ್ಳುವುದನ್ನು ನೋಡುತ್ತ ನಾವು ಉಸಿರು ಬಿಗಿ ಹಿಡಿಯುತ್ತೇವೆ. ಬರಡು ಭೂಮಿಯನ್ನು ಹಸಿರು ಮಾಡುವ ಕೆಲಸವನ್ನು 'ಬಂಗಾರದ ಮನುಷ್ಯ'ದಲ್ಲಿ ರಾಜಕುಮಾರ್ ಮಾಡಿ ತೋರಿಸಿದರು, ಊರೂರಿನ ಓದಿದ ಹುಡುಗರು ಹಳ್ಳಿಗೆ ಮರಳಿದರು ಎಂಬ ಮಾತಿದೆ. ಆದರೆ ಆ ಕೆಲಸಕ್ಕೆ ಕೈದಿಗಳನ್ನು ಹಚ್ಚುವ ಕಥೆ ಕನ್ನಡದಲ್ಲಿ ಯಾರೂ ಮನಸ್ಸಿಟ್ಟು ಮಾಡಿದಂತೆ ಕಾಣೆ. ನಿರ್ಮಾಪಕರು ಓದುತ್ತಿದ್ದರೆ, ಕಥೆ ನನ್ನ ಹತ್ತಿರ ಇದೆ!

* * *

ಅದಿರಲಿ. ಶಾಂತಾರಾಮ್ ಈ ಕಥೆಯನ್ನು ಗಾಳಿಯಲ್ಲಿ ಹಿಡಿದು ತಂದದ್ದಲ್ಲ. ಇದು ನಡೆದದ್ದು.

ಸಾತಾರ ಸೀಮೆಯಲ್ಲಿ ಔಂಧ್ ಎಂಬ ಸಣ್ಣ ಸಂಸ್ಥಾನ ಇತ್ತು. ರಾಜರು ಭವಾನರಾವ್ ಪಂತ ಪ್ರತಿನಿಧಿ. ಸೂರ್ಯನಮಸ್ಕಾರವನ್ನು ದೇಶಕ್ಕೆಲ್ಲ ಹಬ್ಬಿಸಿದ ಪುಣ್ಯಾತ್ಮರು, ಸ್ವತಃ ಚಿತ್ರಕಾರರು. ಅವರ ಬಳಿಗೆ ಬಂದವರು ಮಾರಿಸ್ ಫ್ರಿಡ್‌ಮನ್ ಎಂಬ ಪೋಲೆಂಡ್ ದೇಶದ ಇಂಜಿನಿಯರು. ಎಲ್ಲಿಂದ ಬಂದರು ಗೊತ್ತೇ? ನಮ್ಮ ಬೆಂಗಳೂರಿನಿಂದ! ಮೈಸೂರು ಸಂಸ್ಥಾನದ ಸರ್ಕಾರಿ ವಿದ್ಯುತ್ ಉಪಕರಣ ಕಾರ್ಖಾನೆಯನ್ನು ನಡೆಸಲು ಅವರನ್ನು ಕರೆಸಿದ್ದರು. ಮನುಷ್ಯ ಗಾಂಧೀಜಿಯ ಹಿಂದೆ ಬಿದ್ದ, ಕಾವಿ ಉಟ್ಟ, ಭಾರತಾನಂದ ಎಂದು ಹೆಸರಿಟ್ಟುಕೊಂಡ. ಔಂಧಿನ ರಾಜಕುಮಾರ ಅಪ್ಪಾ ಪಂತರ ಗೆಳೆತನದಿಂದ ಅಲ್ಲಿಗೆ ಹೋದ. ರಾಜರನ್ನು ಕೇಳಿ 1939ರಲ್ಲಿ ಆಟಪಾಡಿಯ ಹತ್ತಿರ ಕೈದಿಗಳಿಗೆ ಒಂದಿಷ್ಟು ಭೂಮಿ ಕೊಡಿಸಿ, ಹೆಂಡತಿ ಮಕ್ಕಳೊಂದಿಗೆ ಇದ್ದು ಬೇಸಾಯ ಮಾಡಿಕೊಳ್ಳಲಿ ಎಂದ. ಹೆಸರು ಸ್ವತಂತ್ರಪುರ! ದೇಶಕ್ಕೇ ಸ್ವಾತಂತ್ರ್ಯ ಬರುವ ಎಂಟು ವರ್ಷ ಮೊದಲು ಕೈದಿಗಳ ಊರಿಗೆ ಈ ಹೆಸರು.

ಲೋಕದಲ್ಲಿ ಇದು ಮೊದಲನೆಯದೇನೂ ಅಲ್ಲ. ಸ್ವಿಟ್ಜರ್ಲೆಂಡಿನ ವಿಟ್ಸ್‌ವಿಲ್ ಎಂಬಲ್ಲಿ 1890ರ ದಶಕದಿಂದಲೇ ಕೈದಿಗಳು ಬಯಲಿನಲ್ಲಿ ಬೇಸಾಯ ಮಾಡುತ್ತಿದ್ದರು. ನಾರ್ವೆಯಲ್ಲಿ ಬಾಸ್ಟಾಯ್ ಎಂಬ ದ್ವೀಪ ಇದೆ. ಒಂದು ಕಾಲಕ್ಕೆ ಪುಂಡ ಹುಡುಗರನ್ನು ಕೂಡಿಹಾಕಿ ಹಿಂಸಿಸುತ್ತಿದ್ದ ಜಾಗ. 1915ರಲ್ಲಿ ಹುಡುಗರು ದಂಗೆ ಎದ್ದರು, ಸೈನ್ಯ ಬಂತು. ಅದರ ಮೇಲೆ 2010ರಲ್ಲಿ ಒಂದು ಒಳ್ಳೆಯ ಚಿತ್ರವೂ ಬಂದಿದೆ. ಅದೇ ದ್ವೀಪ ಈಗ ಗೋಡೆ ಇಲ್ಲದ ಜೈಲು, ಕೈದಿಗಳು ದನ ಸಾಕುತ್ತಾರೆ, ಸೌದೆ ಕಡಿಯುತ್ತಾರೆ.

ನಮ್ಮ ದೇಶದಲ್ಲಿ ಸ್ವಾತಂತ್ರ್ಯದ ಮೇಲೆ ಇದನ್ನು ಕೈಗೆತ್ತಿಕೊಂಡವರು ಉತ್ತರ ಪ್ರದೇಶದ ಸಂಪೂರ್ಣಾನಂದರು. 1950ರ ದಶಕದ ಆರಂಭದಲ್ಲಿ ವಾರಾಣಸಿ ಕಡೆ ಚಂದ್ರಪ್ರಭಾ ನದಿಗೆ ಅಣೆಕಟ್ಟು ಕಟ್ಟಲು ಕೈದಿಗಳನ್ನು ಶಿಬಿರ ಹಾಕಿಸಿ ಕಳಿಸಿದರು. ಆಮೇಲೆ ಅವರು ರಾಜಸ್ಥಾನಕ್ಕೆ ರಾಜ್ಯಪಾಲರಾಗಿ ಹೋದರು. ಜೈಪುರದ ಪಕ್ಕದ ಸಾಂಗಾನೇರಿನಲ್ಲಿ 1963ರಲ್ಲಿ ಶುರುವಾದ ಶಿಬಿರಕ್ಕೆ ಅವರದೇ ಹೆಸರು. ಅಲ್ಲಿ ಕೈದಿ ಹೆಂಡತಿ ಮಕ್ಕಳ ಜೊತೆ ಸಂಸಾರ ಹೂಡುತ್ತಾನೆ. ಬೆಳಿಗ್ಗೆ ಪೇಟೆಗೆ ಹೋಗಿ ಕೂಲಿಯೋ ಗಾರೆ ಕೆಲಸವೋ ಮಾಡುತ್ತಾನೆ, ಸಂಜೆ ಹಾಜರಿಗೆ ಬರುತ್ತಾನೆ. ಸರ್ಕಾರ ಊಟ ಹಾಕುವುದಿಲ್ಲ, ಅವನೇ ದುಡಿದು ಉಣ್ಣಬೇಕು. ಮಕ್ಕಳು ಶಾಲೆಗೆ ಹೋಗುತ್ತಾರೆ. ಇಂಥ ಜಾಗದ ಮೇಲೆ ಕಣ್ಣು ಬೀಳದಿರುತ್ತದೆಯೇ? ಅದರ ಭೂಮಿಯಲ್ಲಿ ಒಂದು ಪಾಲನ್ನು ಆಸ್ಪತ್ರೆಗೆ ಕೊಡುವ ವಿಷಯ 2024ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

* * *

ಕರ್ನಾಟಕದಲ್ಲಿ? ಇದೆ. ಒಂದೇ ಒಂದು. ಕೋರಮಂಗಲದ ಬಯಲು ಬಂದೀಖಾನೆ.

ಕೋರಮಂಗಲ ಎಂದ ಕೂಡಲೇ ಸಾಫ್ಟ್‌ವೇರಿನವರು, ಪಬ್ಬು, ಟ್ರಾಫಿಕ್ ಜಾಮು ಎಂದು ನೆನೆಯಬೇಡಿ. ಇದು ದೇವನಹಳ್ಳಿ ತಾಲೂಕಿನ ಕೋರಮಂಗಲ, ಅಪ್ಪಟ ಹಳ್ಳಿ. 1970ರ ದಶಕದಲ್ಲಿ ಶುರುವಾದದ್ದು. ಹೊಲ ಇದೆ, ದನ ಇದೆ, ಕೈದಿಗಳು ಬೇಸಾಯ ಮಾಡುತ್ತಾರೆ. ಹಿಡಿಸುವುದು 80 ಮಂದಿಯನ್ನು. ಇಡೀ ರಾಜ್ಯಕ್ಕೆ 80! ಅರ್ಧ ಶತಮಾನ ಕಳೆದರೂ ಎರಡನೆಯದು ಹುಟ್ಟಲಿಲ್ಲ.

ದೇಶದ ಲೆಕ್ಕ ನೋಡಿದರೆ 2022ರ ಕೊನೆಗೆ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಬಯಲು ಜೈಲುಗಳು ತೊಂಬತ್ತರ ಆಸುಪಾಸು, ಅದರಲ್ಲಿ ನಲವತ್ತಕ್ಕೂ ಮೇಲೆ ರಾಜಸ್ಥಾನ ಒಂದರಲ್ಲೇ. ಅಲ್ಲಿಗೆ ಉಳಿದ ರಾಜ್ಯಗಳ ಉತ್ಸಾಹ ಎಷ್ಟೆಂದು ನೀವೇ ಅಳೆಯಿರಿ. 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಜೈಲುಗಳ ದುಸ್ಥಿತಿಯ ಮೇಲೆ ತೀರ್ಪು ಕೊಡುತ್ತ, ಬಯಲು ಬಂದೀಖಾನೆಗಳ ಬಗ್ಗೆ ಯೋಚಿಸಿ ಎಂದು ಸರ್ಕಾರಗಳಿಗೆ ಹೇಳಿತು. ಯೋಚನೆ ನಡೆಯುತ್ತಿದೆ!

ಇನ್ನೊಂದು ತಮಾಷೆ. ಇರುವ ಬಯಲು ಜೈಲುಗಳೂ ದೇಶದಲ್ಲಿ ಪೂರ್ತಿ ತುಂಬುವುದಿಲ್ಲ. ಗೋಡೆಯ ಜೈಲಿನಲ್ಲಿ ಕಾಲು ಚಾಚಲು ಜಾಗ ಇಲ್ಲ, ಬಯಲಿನಲ್ಲಿ ಹಾಸಿಗೆ ಖಾಲಿ. ಯಾಕೆ? ಆರಿಸುವ ನಿಯಮ ಹಾಗಿದೆ. ಶಿಕ್ಷೆಯಾದವನಾಗಿರಬೇಕು, ಅದರಲ್ಲಿ ಒಂದು ಪಾಲು ಕಳೆದಿರಬೇಕು, ನಡತೆ ಚೆನ್ನಾಗಿರಬೇಕು, ಮೈಯಲ್ಲಿ ದುಡಿಯುವ ಶಕ್ತಿ ಇರಬೇಕು. ಕೇಸು ನಡೆಯುತ್ತಿರುವ ವಿಚಾರಣಾಧೀನರಿಗೆ ಅವಕಾಶ ಇಲ್ಲ, ಜೈಲಿನಲ್ಲಿ ಇರುವವರಲ್ಲಿ ನೂರಕ್ಕೆ ಎಪ್ಪತ್ತೈದು ಅವರೇ. ಹೆಂಗಸರಿಗೆ ಬಹಳ ಕಡೆ ಬಾಗಿಲೇ ಇಲ್ಲ. ಪುಣೆಯ ಯರವಡಾದಲ್ಲಿ 2010ರಲ್ಲಿ ಹೆಂಗಸರಿಗೆಂದು ಒಂದು ಬಯಲು ಜೈಲು ಮಾಡಿದ್ದೇ ದೊಡ್ಡ ಸುದ್ದಿಯಾಯಿತು. ಹೆಂಗಸರು ಓಡಿಹೋಗುತ್ತಾರೆಂಬ ಭಯವೋ, ಕಾಯುವವರ ಮೇಲೆ ನಂಬಿಕೆ ಇಲ್ಲವೋ, ನನ್ನ ತಲೆಗೆ ಹೊಳೆಯದು.

ಅಣ್ಣನನ್ನು ಮತ್ತೆ ಸಿಕ್ಕಾಗ ಕೇಳಿದೆ: "ನಿಮಗೆ ಕೋರಮಂಗಲ ಗೊತ್ತಿತ್ತಾ?"

"ಹೆಸರು ಕೇಳಿದ್ದೆ. ಅರ್ಜಿ ಕೊಡ್ಲಿಕ್ಕೆ ಉಂಟು ಅಂತ ನನಗೆ ಯಾರೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಒಳಗೆ ಕೇಳುದು ಅಂತ ಒಂದು ಇರುದಿಲ್ಲ ಮಾರಾಯ. ಹೇಳಿದ್ದು ಮಾಡುದು."

* * *

ಈಗ ನಮ್ಮ ಸೀಮೆಗೆ ಬರೋಣ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಯಲ್ಲಿ ಯಾರೇ ತಪ್ಪು ಮಾಡಿದರೂ ಮೊದಲು ಹೋಗುವುದು ಮಂಗಳೂರು ಕೊಡಿಯಾಲಬೈಲಿನ ಜೈಲಿಗೆ. ಪೇಟೆಯ ನಟ್ಟನಡುವೆ ಹಳೆಯ ಗೋಡೆ. 2015ರಲ್ಲಿ ಆ ಗೋಡೆಯ ಒಳಗೇ ಕೈದಿಗಳ ಹೊಡೆದಾಟದಲ್ಲಿ ಇಬ್ಬರು ಕೊಲೆಯಾದರು. ಎತ್ತರದ ಗೋಡೆ ಇದ್ದರೆ ಎಲ್ಲ ಕ್ಷೇಮ ಎನ್ನುವವರು ಇದನ್ನು ಮರೆಯಬಾರದು. ಅಲ್ಲಿ ಶಿಕ್ಷೆ ಖಾಯಂ ಆದ ಮೇಲೆ ಮೈಸೂರಿಗೋ, ಶಿವಮೊಗ್ಗಕ್ಕೋ, ಬಳ್ಳಾರಿಗೋ ವರ್ಗ. ನಮ್ಮ ಅಣ್ಣನ ತಾಯಿ ವರ್ಷಕ್ಕೆ ಎರಡು ಸಲ ಹೋಗುತ್ತಿದ್ದರು. ಬಿ.ಸಿ.ರೋಡಿನಿಂದ ರಾತ್ರಿ ಬಸ್ಸು, ಕೈಯಲ್ಲಿ ಉಪ್ಪಿನಕಾಯಿ ಭರಣಿ. ಭರಣಿ ಒಳಗೆ ಬಿಡುವುದಿಲ್ಲ ಎಂದು ಗೊತ್ತಾದ ಮೇಲೂ ಒಯ್ಯುತ್ತಿದ್ದರಂತೆ. ಕೊನೆಯ ಮೂರು ವರ್ಷ ಹೋಗಲಿಲ್ಲ, ಕಾಲು ಹೋಗಿತ್ತು. ಅಣ್ಣ ಬಿಡುಗಡೆಯಾಗಿ ಬರುವ ಹೊತ್ತಿಗೆ ತಾಯಿಯೂ ಇರಲಿಲ್ಲ.

ಕೊಡಿಯಾಲಬೈಲು ಸಾಲದೆಂದು ಮುಡಿಪು ಹತ್ತಿರ ಹೊಸ ಜೈಲಿಗೆ ಜಾಗ ಮಾಡಿದ್ದಾರೆ. ಬಂಟ್ವಾಳದವರಿಗೆ ಮನೆಯ ಹಿತ್ತಲಿದ್ದ ಹಾಗೆ. ಅರವತ್ತಕ್ಕೂ ಹೆಚ್ಚು ಎಕರೆ. ಕೆಂಪು ಮುರಕಲ್ಲಿನ ಗುಡ್ಡೆ. ಅಷ್ಟು ಜಾಗದಲ್ಲಿ ಗೋಡೆಯ ಹೊರಗೆ ಒಂದು ಹತ್ತು ಹದಿನೈದು ಎಕರೆಯನ್ನು ಬಯಲು ಬಂದೀಖಾನೆಗೆ ಬಿಟ್ಟರೆ ಏನು ಕಷ್ಟ? ಗೇರು ನೆಡಬಹುದು, ಮಲ್ಲಿಗೆ ಬೆಳೆಯಬಹುದು, ಕೋಳಿ ಸಾಕಬಹುದು. ನಮ್ಮ ಮಣ್ಣಿನಲ್ಲಿ ಇದೆಲ್ಲ ಆಗುತ್ತದೆಯೇ ಎಂದು ಸಂಶಯ ಪಡುವವರು ರೈಲು ಹತ್ತಿ ದಕ್ಷಿಣಕ್ಕೆ ಹೋಗಿ ನೋಡಬೇಕು.

ಕಾಸರಗೋಡು ಜಿಲ್ಲೆಯಲ್ಲಿ ಚೀಮೇನಿ ಎಂಬ ಊರು. ಮಂಗಳೂರಿನಿಂದ ರೈಲಿನಲ್ಲಿ ಚೆರುವತ್ತೂರಿಗೆ ಸುಮಾರು ಎರಡು ಗಂಟೆ, ಅಲ್ಲಿಂದ ಬಸ್ಸು. ಕೇರಳ ಸರ್ಕಾರ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟದ 308 ಎಕರೆಯನ್ನು ತೆಗೆದು 2007ರಲ್ಲಿ ಬಯಲು ಜೈಲು ಮಾಡಿತು. ಅದೇ ಕೆಂಪು ಗುಡ್ಡೆ, ಅದೇ ಗೇರು, ಅದೇ ಮಳೆ. ಕೈದಿಗಳು ತರಕಾರಿ ಬೆಳೆಯುತ್ತಾರೆ, ಕೋಳಿ, ದನ ಸಾಕುತ್ತಾರೆ, ಮುರಕಲ್ಲು ಕೂಡ ಕಡಿದು ಮಾರಿದ್ದಾರೆ. ಕೇರಳಕ್ಕೆ ಇದು ಹೊಸತಲ್ಲ, ತಿರುವನಂತಪುರದ ಹತ್ತಿರ ನೆಟ್ಟುಕಾಲ್ತೇರಿಯಲ್ಲಿ 1962ರಿಂದಲೇ ಒಂದು ಇದೆ. ಅವರ ಗೋಡೆಯ ಜೈಲುಗಳೂ ಈಗ ಊರಿನ ಜೊತೆ ವ್ಯಾಪಾರ ಮಾಡುತ್ತವೆ. ಜೈಲಿನ ಚಪಾತಿ, ಕೋಳಿಸಾರಿಗೆ ಜನ ಸಾಲು ನಿಲ್ಲುತ್ತಾರೆ. ಕಣ್ಣೂರಿನಲ್ಲಿ ಕೈದಿಗಳು ಪೆಟ್ರೋಲು ಹಾಕುತ್ತಾರೆ. ಶಾಂತಾರಾಮರ ಚಿತ್ರದ ತರಕಾರಿ ಸಂತೆ ನೆನಪಾಯಿತೇ?

ಚೀಮೇನಿಯ ಪಂಚಾಯತಿನ ಹೆಸರು ಕಯ್ಯೂರು-ಚೀಮೇನಿ. ಕಯ್ಯೂರು ಎಂದರೆ ಕನ್ನಡ ಓದುವವರಿಗೆ ನಿರಂಜನರ 'ಚಿರಸ್ಮರಣೆ' ನೆನಪಾಗಬೇಕು. 1943ರ ಮಾರ್ಚಿನಲ್ಲಿ ಆ ಊರಿನ ನಾಲ್ವರು ರೈತ ಹುಡುಗರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಲೆನಿನ್ ರಾಜೇಂದ್ರನ್ 1986ರಲ್ಲಿ 'ಮೀನಮಾಸತ್ತಿಲೆ ಸೂರ್ಯನ್' ಮಾಡಿದ್ದು ಇದೇ ವಿಷಯದ ಮೇಲೆ. ಹಗ್ಗಕ್ಕೆ ಮಕ್ಕಳನ್ನು ಕೊಟ್ಟ ಊರಿನ ಪಕ್ಕದಲ್ಲೇ ಈಗ ಗೋಡೆ ಇಲ್ಲದ ಜೈಲು.

ಓಡಿಹೋಗುವುದಿಲ್ಲವೇ ಎಂದು ಕೇಳುತ್ತೀರಿ. ಹೋಗುತ್ತಾರೆ. ಕೇರಳದ ಬಯಲು ಜೈಲಿನಿಂದ ಪರಾರಿಯಾದವರ ಸುದ್ದಿ ಪತ್ರಿಕೆಯಲ್ಲಿ ಆಗೀಗ ಬರುತ್ತದೆ. ಗೋಡೆ ಹಾರಿ ಹೋದವರ ಸುದ್ದಿಯೂ ಬರುತ್ತದೆ. ಬಯಲಿನಿಂದ ಓಡಿ ಸಿಕ್ಕಿಬಿದ್ದವನು ಮತ್ತೆ ಗೋಡೆಯ ಒಳಗೆ, ಗಳಿಸಿದ ರಿಯಾಯಿತಿಯೆಲ್ಲ ನೀರಿಗೆ. ಇನ್ನು ಸ್ವಲ್ಪ ವರ್ಷದಲ್ಲಿ ಬಿಡುಗಡೆ ಇರುವವನಿಗೆ ಇದಕ್ಕಿಂತ ಗಟ್ಟಿ ಬೇಲಿ ಬೇಕೇ?

ನಂಬಿಕೆಯ ಮಾತು ಬಂದಾಗ ನಮ್ಮ ಬಂಟ್ವಾಳ ತಾಲೂಕಿನವರೊಬ್ಬರನ್ನು ನೆನೆಯಲೇಬೇಕು. ಮಂಚಿಯ ಬಿ.ವಿ. ಕಾರಂತರು, 'ಚೋಮನ ದುಡಿ'ಗೆ ಸ್ವರ್ಣಕಮಲ ತಂದವರು. ಅವರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ, ಮುಂದೆ ಜೈಲಿನೊಳಗೆ ಹೋಗಿ ಕೈದಿಗಳಿಂದ ನಾಟಕ ಆಡಿಸಿದರು. ಒಳಗೆ ಮಾತ್ರ ಅಲ್ಲ, ಹೊರಗೆ ರಂಗಮಂದಿರಗಳಿಗೆ ಕರೆತಂದು ಟಿಕೇಟು ಕೊಂಡ ಜನರ ಮುಂದೆ ಆಡಿಸಿದರು! ಜೀವಾವಧಿ ಕೈದಿ ಬಣ್ಣ ಹಚ್ಚಿ ರಾಜನಾಗಿ ಮೆರೆದು, ಬಣ್ಣ ಅಳಿಸಿ, ಪುನಃ ಜೈಲಿನ ವ್ಯಾನು ಹತ್ತುತ್ತಿದ್ದ. ಪರದೆಯ ಹಿಂದಿನ ಕತ್ತಲಲ್ಲಿ ಜಾರಿಕೊಳ್ಳಲು ಎಷ್ಟು ಹೊತ್ತು ಬೇಕು?

* * *

ಇಷ್ಟು ಬರೆದು ಮುಗಿಸಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಆದರೆ ಬಿದ್ದವರ ಮನೆಯೂ ನಮ್ಮೂರಿನಲ್ಲೇ ಇದೆ. ಅಣ್ಣನ ಮನೆಗೂ ಅದಕ್ಕೂ ನಡುವೆ ಅದೇ ತೋಡು. ಸತ್ತವರ ಹೆಂಡತಿ ಹದಿನಾಲ್ಕು ವರ್ಷ ಬೀಡಿ ಕಟ್ಟಿ ಎರಡು ಮಕ್ಕಳನ್ನು ಸಾಕಿದ್ದಾರೆ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಬಯಲು ಜೈಲಿನ ವಿಷಯ ಬರೆಯುತ್ತಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ, ಆದರೂ ಹೇಳಿದೆ. ಹೇಳದೆ ಬರೆದರೆ ಕಳ್ಳತನವಾಗುತ್ತದೆ ಎನಿಸಿತು.

ಅಕ್ಕ ಎಲೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಬಹಳ ಹೊತ್ತು ಮಾತೂ ಆಡಲಿಲ್ಲ. ಆಮೇಲೆ, "ಅವರು ಬಂದ್ರು. ನಮ್ಮವರು ಬರ್ಲಿಲ್ಲ," ಎಂದರು.

ನಾನು ಏಳಲು ನೋಡಿದೆ. ಅವರೇ ತಡೆದರು.

"ಕೂತ್ಕೋ. ಅವರಿಗೆ ಅಲ್ಲಿ ಅನ್ನ ಇತ್ತು, ಕಂಬಳಿ ಇತ್ತು. ಇಲ್ಲಿ ನಂಗೆ ಸಾವಿರ ಬೀಡಿಗೆ ಎಷ್ಟು ಸಿಗ್ತದೆ ಗೊತ್ತುಂಟಾ ನಿಂಗೆ? ದೊಡ್ಡವನು ಪಿಯುಸಿ ಬಿಟ್ಟ, ನಿನ್ನ ಹಾಗೇ. ಅವರು ಅಲ್ಲಿ ತೋಟದಲ್ಲಿ ದುಡಿದು, ಅದರಲ್ಲಿ ನಾಲ್ಕು ಕಾಸು ನನ್ನ ಮಕ್ಕಳ ಶಾಲೆಗೆ ಬಂದಿದ್ರೆ, ಗೋಡೆ ಉಂಟಾ ಇಲ್ವಾಂತ ನಾನು ಯಾಕೆ ಕೇಳ್ಬೇಕು?"

ಪಿಯುಸಿ ಬಿಟ್ಟವನಿಗೆ ಈ ಲೆಕ್ಕ ಅರ್ಥವಾಗುತ್ತದೆ. ನಮ್ಮ ರಾಜ್ಯದಲ್ಲಿ ಕೈದಿಯ ದಿನಗೂಲಿ ಈಚಿನ ವರ್ಷಗಳಲ್ಲಿ ಐನೂರು ರೂಪಾಯಿ ದಾಟಿದೆ. ಅಕ್ಕನ ಬೀಡಿಗೆ ಅಷ್ಟು ಗಿಟ್ಟುವುದಿಲ್ಲ. ಶಾಂತಾರಾಮರ ಚಿತ್ರದಲ್ಲಿ ಎರಡು ಕಣ್ಣು ಇದೆ, ಹನ್ನೆರಡು ಕೈ ಇದೆ. ಆ ಆರು ಮಂದಿ ಕೊಂದವರ ಮನೆಯ ಹೆಂಗಸರು ಎಲ್ಲಿದ್ದರು, ಏನು ಉಂಡರು ಎಂದು ಕ್ಯಾಮರಾ ಆ ಕಡೆ ತಿರುಗುವುದೇ ಇಲ್ಲ. ಮೂರು ಸಲ ನೋಡಿದ ಮೇಲೆ ನನಗೆ ಇದು ಹೊಳೆದದ್ದು, ಅದೂ ಅಕ್ಕ ಹೇಳಿದ ಮೇಲೆ. ಮುಡಿಪಿನ ಗುಡ್ಡೆಯಲ್ಲಿ ಗೇರು ಬೆಳೆದರೆ, ಆ ದುಡ್ಡಿನಲ್ಲಿ ಒಂದು ಪಾಲು ಬಂಟ್ವಾಳದ, ಬೆಳ್ತಂಗಡಿಯ ಇಂಥ ಮನೆಗಳಿಗೆ ನೇರ ಬರುವ ಹಾಗೆ ಮೊದಲೇ ಬರೆದಿಡಬೇಕು. ಗೋಡೆಯ ಒಳಗೆ ನೇಯ್ದ ಜಮಖಾನೆಯಿಂದ ಅದು ಆಗಲಿಲ್ಲ.

ಅಕ್ಕ ಹೇಳಿದ್ದನ್ನು ಅಣ್ಣನಿಗೆ ತಿಳಿಸಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ತಿಳಿಸಿದೆ. ಅವರು ತಲೆ ಎತ್ತಲಿಲ್ಲ. ಹಲಗೆ ಇಟ್ಟು ಅಡಿಕೆ ಸುಲಿಯುತ್ತಿದ್ದರು, ಸುಲಿಯುತ್ತಲೇ ಇದ್ದರು. ದೋಟಿ ಹಿಡಿಯಲು ನೆರೆಕರೆಯ ಹುಡುಗನೊಬ್ಬ ಈಗ ಕಲಿಸುತ್ತಿದ್ದಾನಂತೆ. ಅದು ಅಕ್ಕನ ಎರಡನೆಯ ಮಗ ಎಂದು ನನಗೆ ಬೇರೆಯವರಿಂದ ಗೊತ್ತಾಯಿತು. ಅಣ್ಣ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊರಡುವಾಗ ಚೀಮೇನಿಯ ಕಥೆ ಹೇಳಿದೆ. 308 ಎಕರೆ ಎಂದಾಗ ಮಾತ್ರ ಅವರ ಕಣ್ಣು ಅರಳಿತು.

"ನೀರು ಉಂಟಾ ಅಲ್ಲಿ?"

"ನೋಡಿ ಬರುವ ಅಣ್ಣ. ಆದಿತ್ಯವಾರ ಬೆಳಿಗ್ಗೆಯ ರೈಲಿಗೆ ಹೋದ್ರೆ ಸಂಜೆಗೆ ವಾಪಸು."

ಅಣ್ಣ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ನಮ್ಮನ್ನು ಒಳಗೆ ಬಿಡ್ತಾರಾ?"